ನಿಲ್ಲದ ಬಸ್ಸಿನ ಮೇಲೊಂದು ಮನವಿ

ಜೂನ್ ೧೮, ಮಂಗಳವಾರ

ನಾಚಿಕೆಯಿಂದ ಊಟವೇ ಸೇರಲಿಲ್ಲ. ಅಮ್ಮ ಕೈ ತೋರಿಸಿದರೂ ಬಸ್ಸು ನಿಲ್ಲಿಸದ ಚಾಲಕನನ್ನು ಕೆಲಸದಿಂದ ತೆಗೆಯಿರಿ ಎಂದು ಕಳೆದ ವಾರ ಆನ್‌ಲೈನ್ ಮನವಿ ಹಾಕಿದ್ದೆ. ಹೋದ ವರ್ಷ ಅದೇ ಜಾಲತಾಣದಲ್ಲಿ ಸಹಿ ಕೂಡಿಸಿ ಶಾಲೆಯ ಮುಂದೆ ಸಿಗ್ನಲ್ ಹಾಕಿಸಿದ್ದೆ. ಆ ಹೆಮ್ಮೆ ತಲೆಗೇರಿತ್ತು. ಗುರುತು ಪರಿಚಯವಿಲ್ಲದವರೆಲ್ಲ ಸಹಿ ಹಾಕಿ, ಬಾಯಿಗೆ ಬಂದಂತೆ ಬೈದರು. ಸಾರಿಗೆ ಸಂಸ್ಥೆಯವರು ಆ ಚಾಲಕರನ್ನು ಕೆಲಸದಿಂದ ತೆಗೆದೇಬಿಟ್ಟರು.

ಇವತ್ತು ಅಮ್ಮ ಬಟ್ಟೆ ಮಡಿಸುತ್ತಾ ಹೇಳಿದಳು: "ಎದುರುಮನೆಯವಳು ಅವತ್ತು ಅದೇ ಬಸ್ಸಲ್ಲಿದ್ದಳಂತೆ ಕಣೇ. ಒಳಗೆ ಯಾರೋ ಎಚ್ಚರ ತಪ್ಪಿ ಬಿದ್ದಿದ್ರಂತೆ. ಪಾಪ, ಎಲ್ಲೂ ನಿಲ್ಲಿಸದೆ ಆಸ್ಪತ್ರೆಗೆ ಓಡಿಸಿದಾನೆ."

ಬಸ್ ಡಿಪೋಗೆ ಓಡಿ ಅಮ್ಮ ಹೇಳಿದ್ದನ್ನು ಹೇಳಿದೆ. ಮೇಲ್ವಿಚಾರಕರು ತಲೆಯೆತ್ತದೆ, "ಡ್ರೈವರೂ ಅದನ್ನೇ ಹೇಳಿದ್ರಮ್ಮ. ಅಷ್ಟೊಂದು ಸಹಿ ನೋಡಿದ ಮೇಲೆ ಮೇಲಿನೋರು ಕಿವಿಗೇ ಹಾಕ್ಕೊಳ್ಲಿಲ್ಲ" ಎಂದರು.

ನನ್ನದೇ ತಪ್ಪೆಂದು ಮನವಿಯ ಕೆಳಗೆ ಬರೆದೆ. ಯಾರೂ ಓದಿದಂತಿಲ್ಲ, ಆಮೇಲೂ ಸಹಿಗಳು ಬೀಳುತ್ತಲೇ ಇದ್ದವು. ಕೊನೆಗೆ ಮನವಿಯನ್ನೇ ಮುಚ್ಚಿದೆ. ಅಷ್ಟರಲ್ಲಿ ಯಾರು ಯಾರೋ ಆ ಚಾಲಕರ ಫೋಟೋ ಹುಡುಕಿ ಎಲ್ಲೆಲ್ಲೋ ಹಂಚಿಯಾಗಿತ್ತು.

ನಾಳೆ ಬೆಳಿಗ್ಗೆ ಅವರ ಮನೆಗೆ ಹೋಗಬೇಕು. ಜೊತೆಗೆ ಬರುತ್ತೇನೆ ಅಂದಳು ಅಮ್ಮ. ಬೇಡವೆಂದೆ. ಬಾಗಿಲು ತೆಗೆಯುವವರು ಅವರ ಹೆಂಡತಿಯೇ ಆದರೆ, ನಾನು ಯಾರೆಂದು ಹೇಳಿಕೊಳ್ಳಲಿ?