ಹಲ್ಲಿನ ಕೋಣೆಯ ಬಾಗಿಲಿಗೆ ಬರೆಸಿದ ಹೆಸರು

ಮನೆಯಿಂದ, ಹಲ್ಲಿನ ಕೋಣೆಯ ಮೇಜು
ಮೂವತ್ತನೇ ತಾರೀಕು, ಶನಿವಾರ, ಬೆಳಗಿನ ಹತ್ತು ಗಂಟೆ

ಪ್ರೀತಿಯ ಮಗರಾಯನಿಗೆ,

ಹೇಗಿದ್ದೀಯ? ಸೊಂಟ ಹೇಗಿದೆ? ಹೋದ ಸಲ ಫೋನಿನಲ್ಲಿ ಹಡಗಿನ ಇಂಜಿನ್ನಿನ ಗಲಾಟೆಯ ನಡುವೆ ‘ಸೊಂಟ’ ಎಂದದ್ದಷ್ಟೇ ಕೇಳಿಸಿತು. ಹಿಡಿದಿದೆಯೋ ಬಿಟ್ಟಿದೆಯೋ ತಿಳಿಯಲಿಲ್ಲ. ಹಿಡಿದಿದ್ದರೆ ಬಿಸಿನೀರಿನ ಚೀಲ ಇಟ್ಟುಕೊ. ಬಿಟ್ಟಿದ್ದರೆ ಬಗ್ಗಿ ಕೆಲಸ ಮಾಡುವಾಗ ನಿನ್ನ ವಯಸ್ಸು ನೆನಪಿಟ್ಟುಕೊ. ನಾನು ಗಟ್ಟಿಯಾಗಿದ್ದೇನೆ. ನಿನ್ನ ಹೆಂಡತಿ ಮಾಡಿಕೊಟ್ಟ ಹಲ್ಲಿನ ಸೆಟ್ಟು ಈಗ ಒಸಡಿಗೆ ಸರಿಯಾಗಿ ಕೂತಿದೆ, ಸೇಬನ್ನು ಹೆಚ್ಚದೆ ಹಾಗೆಯೇ ಕಚ್ಚಿ ತಿನ್ನುತ್ತೇನೆ. ನಿನ್ನ ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ‘ನಂಗೂ ಅಜ್ಜಿ ಥರ ತೆಗೆದು ಹಾಕೋ ಹಲ್ಲು ಮಾಡ್ಕೊಡು’ ಎಂದು ಅಮ್ಮನ ಪ್ರಾಣ ತಿನ್ನುತ್ತಿದ್ದಾಳೆ. ಕಾಗದದಲ್ಲಿ ಕಾಗುಣಿತ ತಪ್ಪಿದ್ದರೆ ಹೊಂದಿಸಿಕೊಂಡು ಓದು. ನಾಲ್ಕನೇ ಕ್ಲಾಸಿಗೇ ಸ್ಲೇಟು ಇಟ್ಟವಳು ನಾನು. ಆದರೂ ನನ್ನ ಕಾಗದ ನಾನೇ ಬರೆಯುತ್ತೇನೆ, ತಿದ್ದಲು ಇದುವರೆಗೆ ಯಾರ ಕೈಗೂ ಕೊಟ್ಟಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ದೊಡ್ಡಾಸ್ಪತ್ರೆಯವರು ತಮ್ಮಲ್ಲಿಗೆ ಬರುವವರ ಹಲ್ಲಿನ ಸೆಟ್ಟುಗಳನ್ನೆಲ್ಲ ನಿನ್ನ ಹೆಂಡತಿಯಿಂದಲೇ ಮಾಡಿಸುತ್ತೇವೆ ಎಂದಿದ್ದಾರೆ. ವರ್ಷವಿಡೀ ಕೆಲಸ. ಆದರೆ ತಿಂಗಳ ಕೊನೆಯೊಳಗೆ ಅವಳು ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಿದ ರಸೀದಿ ತಂದುಕೊಡಬೇಕು, ಇಲ್ಲವಾದರೆ ಕೆಲಸ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಇಲ್ಲಿಯವರೆಗೆ ಸಣ್ಣಪುಟ್ಟ ದವಾಖಾನೆಗಳ ಕೆಲಸ ಮಾಡುತ್ತಿದ್ದಳು, ರಿಟರ್ನಿನ ಗೊಡವೆಯೇ ಇರಲಿಲ್ಲ. ಒಂಬತ್ತು ವರ್ಷ ಅಡುಗೆಮನೆಯ ಪಕ್ಕದ ಈ ಕೋಣೆಯಲ್ಲಿ ಪ್ಲಾಸ್ಟರಿನ ಧೂಳು ಕುಡಿದು, ಊರವರ ದವಡೆ ಉಜ್ಜುತ್ತ ಕೂತವಳು. ಅವಳು ಬಾಯಿ ಬಿಟ್ಟು ಬೇಕು ಎಂದ ಮೊದಲ ವಸ್ತು ಇದು. ಬಟ್ಟೆಬರೆಗೂ ಹಾಗೆ ಆಸೆಪಟ್ಟವಳಲ್ಲ.

ಸೋಮವಾರ ನಮ್ಮ ಬೀದಿಯ ಲೆಕ್ಕದ ಮಾಸ್ತರನ್ನು ಕರೆಸಿದೆವು. ಸ್ಕೂಲಿನಿಂದ ರಿಟೈರಾದ ಮೇಲೆ ಸುತ್ತಲಿನವರ ರಿಟರ್ನ್ ತುಂಬಿಕೊಡುವುದೇ ಅವರ ಕಸುಬು. ಹಲ್ಲಿನ ಅಚ್ಚುಗಳ ನಡುವೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎರಡೇ ಬೆರಳಲ್ಲಿ ಕುಟ್ಟಿದರು. ಎಲ್ಲ ತುಂಬಿ ಕೊನೆಯ ಗುಂಡಿ ಒತ್ತುವ ಹೊತ್ತಿಗೆ ಕೆಂಪಕ್ಷರ ಎದ್ದು ನಿಂತಿತು, ಹೆಸರು ತಾಳೆಯಾಗುತ್ತಿಲ್ಲ ಎಂದು. ಒತ್ತಿದಷ್ಟು ಸಲವೂ ಅದೇ ಪಾಠ. ರಿಟರ್ನ್ ಅವಳದೇ ಎಂದು ಖಾತ್ರಿ ಮಾಡುವ ನಂಬರು ಬ್ಯಾಂಕಿನ ಖಾತೆಯ ಮೂಲಕ ಬರಬೇಕಂತೆ. ತೆರಿಗೆಯ ಪ್ಯಾನ್ ಕಾರ್ಡಿನಲ್ಲಿ ಅವಳ ತವರಿನ ಹೆಸರಿದೆ, ಬ್ಯಾಂಕಿನಲ್ಲಿ ನಮ್ಮ ಮನೆಯ ಹೆಸರಿದೆ. ಕಾರ್ಡು ಮದುವೆಗೆ ಮೊದಲು ಮಾಡಿಸಿದ್ದು, ಟ್ರಂಕಿನ ತಳದಲ್ಲಿ ನಿದ್ದೆ ಮಾಡುತ್ತಿತ್ತು. ಬ್ಯಾಂಕಿನಲ್ಲಿ ಹೆಸರು ಬದಲಾದದ್ದು ಮದುವೆಯ ಹೊಸತರಲ್ಲಿ, ಅದು ನಿನಗೂ ಗೊತ್ತಿರುವುದೇ. ‘ಎರಡೂ ಒಬ್ಬಳೇ ಅಂತ ನಾನು ಹೇಳ್ತೀನಲ್ಲ ಮಾಸ್ತರೇ, ಸಾಲದಾ?’ ಎಂದೆ. ‘ಅಜ್ಜಿ, ಇದು ಕಂಪ್ಯೂಟರು. ಇದಕ್ಕೆ ನಿಮ್ಮನ್ನ ಕಂಡ್ರೆ ಹೆದರಿಕೆ ಇಲ್ಲ’ ಎಂದರು. ಅದೊಂದು ಮಾತು ಕೇಳುವುದು ಬಾಕಿ ಇತ್ತು, ಕೇಳಿದ್ದಾಯಿತು. ಕಾರ್ಡಿನಲ್ಲಿ ಹೆಸರು ತಿದ್ದಿಸಲು ತಿಂಗಳು ಹಿಡಿಯುತ್ತದೆ, ಬ್ಯಾಂಕಿನಲ್ಲಾದರೆ ಎರಡು ದಿನ ಸಾಕು, ಆದ್ದರಿಂದ ತವರಿನ ಹೆಸರಿಗೇ ವಾಪಸಾಗುವುದು ಒಳ್ಳೆಯದು ಎಂದು ಅವರೇ ದಾರಿ ಹೇಳಿದರು. ನಿನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಎದುರಿಗಿದ್ದ ಪ್ಲಾಸ್ಟರಿನ ದವಡೆ ನೋಡಿದೆ. ಯಾರದೋ ಏನೋ, ನನ್ನನ್ನು ನೋಡಿ ಕಿಸಿಯುತ್ತಿತ್ತು.

ಮಂಗಳವಾರ ಬಾಗಿಲು ತೆರೆಯುವ ಮೊದಲೇ ಬ್ಯಾಂಕಿನ ಮುಂದೆ ನಿಂತೆವು. ಕೌಂಟರಿನ ಹುಡುಗಿ ಅರ್ಜಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಎಲ್ಲಾರೂ ಗಂಡನ ಹೆಸರಿಗೆ ಹೋಗ್ತಾರೆ, ನೀವು ವಾಪಸ್ ಬರ್ತಿದೀರಲ್ಲ, ಏನಾದ್ರೂ...’ ಎಂದು ರಾಗ ಎಳೆದಳು. ‘ಏನೂ ಇಲ್ಲ ತಾಯಿ. ಗಂಡ ಹಡಗಲ್ಲಿದಾನೆ, ಅತ್ತೆ ಪಕ್ಕದಲ್ಲಿದಾಳೆ. ಬಿಟ್ಟು ಹೋಗೋಳಾಗಿದ್ರೆ ನನ್ನನ್ಯಾಕೆ ಜೊತೆಗೆ ಕರ್ಕೊಂಡು ಬರ್ತಿದ್ಲು?’ ಎಂದೆ. ಹಿಂದಿನ ಸಾಲೆಲ್ಲ ನಕ್ಕಿತು. ಆ ಹುಡುಗಿ ನಗಲಿಲ್ಲ. ‘ಹೆಸರು ಬದಲಾಯಿಸ್ದಾಗಲೇ ಕಾರ್ಡನ್ನೂ ಬದಲಾಯಿಸ್ಬೇಕಿತ್ತು. ಅಷ್ಟೂ ಗೊತ್ತಿಲ್ದೆ ಯಾಕೆ ಮಾಡೋಕೆ ಹೋದ್ರಿ?’ ಎಂದು ಎಲ್ಲರೆದುರು ಸೊಸೆಗೆ ಬಿಸಿ ಮುಟ್ಟಿಸಿದಳು. ‘ನಂದೇ ತಪ್ಪು ಮೇಡಂ, ಆಗ ತಿಳೀಲಿಲ್ಲ’ ಎಂದಳು ನಿನ್ನ ಹೆಂಡತಿ. ಮೂರು ಜನರಿಗೆ ಹಂಚುವಷ್ಟು ಬಾಯಿರುವ ನಾನು ಆಗ ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲೆ ಇನ್ನೊಂದು ಹಾಳೆ ಕೊಟ್ಟರು. ಎರಡೂ ಹೆಸರಿನಲ್ಲಿ ಅವಳನ್ನು ಬಲ್ಲವರು ಒಬ್ಬರು ಸಾಕ್ಷಿ ಬರೆಯಬೇಕಂತೆ. ‘ನಾನಿಲ್ವಾ?’ ಎಂದು ಪೆನ್ನು ಕಿತ್ತುಕೊಂಡೆ. ಇವಳು ಇಂಥವರ ಮಗಳು ಎಂದು ಬೀಗರ ಹೆಸರನ್ನು ನನ್ನ ಕೈಯಾರೆ ಬರೆದೆ. ಮದುವೆಯ ದಿನ ಮುಂದಿನ ಸಾಲಿನ ಕುರ್ಚಿಗಾಗಿ ಅವರ ಮೇಲೆ ಮುನಿಸಿಕೊಂಡವಳು ನಾನು, ಅವರು ಕಣ್ಣು ಮುಚ್ಚುವವರೆಗೂ ‘ಆ ಗಡಿಯಾರದವನು’ ಎಂದೇ ಅನ್ನುತ್ತಿದ್ದೆನಲ್ಲ. ಬರೆಯುವಾಗ ಅನ್ನಿಸಿತು, ಗಡಿಯಾರದ ಕೂದಲೆಳೆಯಂಥ ಮುಳ್ಳು ಕೂರಿಸುತ್ತಿದ್ದ ಅವರ ಕೈಯೇ ಅವಳಿಗೆ ಬಂದಿದೆ ಎಂದು. ನಮ್ಮ ಮನೆಯಲ್ಲಿ ಅಂಥ ಕೈ ಯಾರಿಗಿತ್ತು? ನೀನು ಸೂಜಿಗೆ ದಾರ ಪೋಣಿಸಲು ಸುತ್ತಿಗೆ ಹುಡುಕುವವನು.

ಗುರುವಾರ ಸಂಜೆ ಬ್ಯಾಂಕಿನಿಂದ ಮೆಸೇಜು ಬಂತು. ನಿನ್ನೆ ಬೆಳಿಗ್ಗೆ ಮಾಸ್ತರು ಬಂದು ಗುಂಡಿ ಒತ್ತಿದರು. ಹಸಿರು ಗುರುತು ಬಂತು, ರಸೀದಿಯೂ ಬಂತು. ಮಧ್ಯಾಹ್ನದೊಳಗೆ ನಿನ್ನ ಹೆಂಡತಿ ಅದನ್ನು ಆಸ್ಪತ್ರೆಗೆ ಕೊಟ್ಟು ಬಂದಳು, ಬರುವಾಗ ಮೊದಲ ಹನ್ನೆರಡು ಅಚ್ಚುಗಳನ್ನೂ ಹೊತ್ತುಕೊಂಡೇ ಬಂದಳು. ಕೋಣೆಯ ಬಾಗಿಲಿಗೆ ಬೋರ್ಡು ಇರಬೇಕು ಎಂದರಂತೆ. ‘ಯಾವ ಹೆಸರು ಬರೆಸ್ಲಿ ಅತ್ತೆ?’ ಎಂದು ಕೇಳಿದಳು. ‘ಕಂಪ್ಯೂಟರು ಒಪ್ಪಿದ ಹೆಸರೇ ಬರೆಸು. ಮತ್ತೆ ಅದರ ಹತ್ರ ಜಗಳ ಆಡೋಕೆ ನಂಗೆ ಪುರುಸೊತ್ತಿಲ್ಲ’ ಎಂದೆ. ಬೋರ್ಡು ಬರೆಯುವವನಿಗೆ ಹೇಳಿ ಬಂದಿದ್ದಾಳೆ. ಅಕ್ಷರ ದೊಡ್ಡದಿರಲಿ, ಬೀದಿಯ ಆ ತುದಿಗೂ ಕಾಣಲಿ ಎಂದು ಆಮೇಲೆ ನಾನೇ ಹೋಗಿ ಹೇಳಿ ಬಂದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಬಿಸಿಲಲ್ಲಿ ಬರಿದಲೆಯಲ್ಲಿ ಓಡಾಡಬೇಡ. ನಿನ್ನ ಜೊತೆಯವರನ್ನೆಲ್ಲ ಕೇಳಿದೆ ಎಂದು ಹೇಳು. ನಿಮ್ಮ ಅಡುಗೆಯವನಿಗೆ ಉಪ್ಪಿನ ಡಬ್ಬಿ ಸ್ವಲ್ಪ ದೂರ ಇಡಲು ಹೇಳು. ನೀರಿನ ಮೇಲೆ ಇರುವಷ್ಟು ದಿನವೂ ನನ್ನ ಆಶೀರ್ವಾದ ನಿನ್ನ ನೆತ್ತಿಯ ಮೇಲಿರಲಿ.

ನಿನ್ನ ಅಮ್ಮ

ಇನ್ನೊಂದು ಮಾತು: ಒಂಬತ್ತು ವರ್ಷದ ಹಿಂದೆ, ನೀನು ಹಡಗು ಹತ್ತಿದ ವಾರ, ‘ಸೊಸೆ ತಾನಾಗಿಯೇ ನಮ್ಮ ಮನೆಯ ಹೆಸರು ಹಾಕಿಸಿಕೊಂಡಳು’ ಎಂದು ನಾನು ಬರೆದಿದ್ದೆ. ನೀನು ಹಿಗ್ಗಿ, ಆ ಕಾಗದವನ್ನು ಜೊತೆಯವರಿಗೆಲ್ಲ ತೋರಿಸಿದೆ ಎಂದು ಉತ್ತರ ಹಾಕಿದ್ದೆ. ಅದು ಸುಳ್ಳು. ‘ಬೇಡ ಅತ್ತೆ, ಅಪ್ಪನ ಹೆಸರೇ ಇರ್ಲಿ’ ಎಂದಿದ್ದಳು. ನಾನೇ ಕೈಹಿಡಿದು ಬ್ಯಾಂಕಿಗೆ ಎಳೆದುಕೊಂಡು ಹೋಗಿದ್ದೆ. ಇದನ್ನು ಅವಳು ನಿನಗೂ ಹೇಳಲಿಲ್ಲ, ಮೊನ್ನೆ ಆ ಕೌಂಟರಿನಲ್ಲೂ ಹೇಳಲಿಲ್ಲ. ಫೋನ್ ಮಾಡಿದಾಗ ನಮ್ಮ ಹೆಸರು ಯಾಕೆ ಬಿಟ್ಟೆ ಎಂದು ಅವಳನ್ನು ಕೇಳಬೇಡ, ಕೇಳುವುದಿದ್ದರೆ ನನ್ನನ್ನು ಕೇಳು. ತಪ್ಪಾಯಿತು ಎಂದು ಅವಳಿಗೆ ಹೇಳೋಣವೆಂದು ಮಂಗಳವಾರದಿಂದ ಬಾಯಿ ತೆರೆಯುತ್ತಿದ್ದೇನೆ. ಬಾಯಿ ತುಂಬ ಅವಳು ಕೊಟ್ಟ ಹಲ್ಲಿದೆ, ಮಾತು ಮಾತ್ರ ಹೊರಡುತ್ತಿಲ್ಲ. ಅದಕ್ಕೇ ಈ ಲಕೋಟೆಗೆ ಅಂಟು ಹಚ್ಚಿಲ್ಲ. ಕಾಗುಣಿತ ತಿದ್ದಿ ಅಂಚೆಗೆ ಹಾಕು ಎಂದು ಅವಳ ಕೈಗೇ ಕೊಡುತ್ತಿದ್ದೇನೆ.