ಎಬಿಎಸ್ ದೀಪಕ್ಕೆ ಕರೀ ಟೇಪು

ಮೋಮಿನಪುರದ ಗ್ಯಾರೇಜಿನ ಸರ್ಫರಾಜ್ ಅಣ್ಣನವರಿಗೆ ಕಮಲಾಪುರದಿಂದ ಜಗದೇವಿ ಬರೆಯುವುದು.

ನಮ್ಮ ಪಿಕಪ್ಪಿನ ಎಬಿಎಸ್ ದೀಪ ಆರದೆ ಉರಿಯುತ್ತಿದೆ ಎಂದು ನಮ್ಮ ಮನೆಯವರನ್ನು ನಿಮ್ಮಲ್ಲಿಗೆ ಕಳಿಸಿದ್ದೆ. ದೀಪ ಆರಿತು, ರಿಪೇರಿ ಆಯಿತೆಂದು ನಂಬಿದೆ. ನಿನ್ನೆ ಮಳೆಯಲ್ಲಿ ಬಾಳೆಗೊನೆ ಹೇರಿಕೊಂಡು ಕಲಬುರಗಿಗೆ ಹೊರಟಾಗ ಇಳಿಜಾರಿನಲ್ಲಿ ಇವರು ಬ್ರೇಕ್ ಒತ್ತಿದರು. ಗಾಲಿ ಹಿಡಿದುಕೊಳ್ಳದಂತೆ ಕಾಯಬೇಕಾದ ಎಬಿಎಸ್ ಕೆಲಸವನ್ನೇ ಮಾಡಲಿಲ್ಲ; ಗಾಲಿ ಹಿಡಿದುಕೊಂಡು ಗಾಡಿ ಜಾರಿತು. ಎದುರಿನ ಬಸ್ಸಿಗೆ ಗೇಣು ದೂರದಲ್ಲಿ ನಿಂತಿತು. ಪಕ್ಕದಲ್ಲಿ ನಾನೇ ಕುಳಿತಿದ್ದೆ.

ಇಲ್ಲಿಯ ಮಿಸ್ತ್ರಿ ಮೀಟರ್ ಬಿಚ್ಚಿದರೆ, ದೀಪದ ಮೇಲೆ ಕರೀ ಟೇಪು! ಮನೆಯವರನ್ನು ಕೇಳಿದೆ.

“ದೀಪ ಕಂಡ್ರ ದಾರಿ ಪೂರಾ ನನ್ನ ತಲಿ ತಿಂತಿದ್ದಿ. ಅದಕ್ಕ ನಾನೇ ಹೇಳಿ ಮುಚ್ಚಿಸೀನಿ” ಅಂದರು.

ಇವರು ಹೇಳಿದರೆಂದು ನೀವು ಮುಚ್ಚುವುದೇ? ನನ್ನ ಬಾಯಿ ಮುಚ್ಚಿಸಲು ಬೇರೆ ಏನೂ ಸಿಗಲಿಲ್ಲವೇ?

ಗುರುವಾರ ಖಾಲಿ ಗಾಡಿ ಮೆಲ್ಲಗೆ ತರುತ್ತೇವೆ. ಅಲ್ಲಿಯವರೆಗೆ ಚಾವಿ ನನ್ನ ಹತ್ತಿರ. ಗಾಲಿಯ ಬಳಿಯ ಸೆನ್ಸರ್, ಅದರ ವೈರು, ಎಲ್ಲವನ್ನೂ ನನ್ನ ಮುಂದೆ ಬಿಚ್ಚಿ ನೋಡಿರಿ. ದೀಪ ತಾನಾಗಿ ಆರುವವರೆಗೆ ನಾನು ನಿಮ್ಮ ಗ್ಯಾರೇಜಿನಿಂದ ಏಳುವುದಿಲ್ಲ. ಚಹಾ ತರಿಸಬೇಡಿರಿ.

ನಿಮ್ಮನ್ನು ಇನ್ನೂ ಅಣ್ಣ ಎನ್ನುತ್ತಿರುವ,
ಜಗದೇವಿ