ಡೈ ಯಾರು ತಿರುಗಿಸಿದ್ದು?

ಮೇ 6, ತಾಯಿಫ್, ಸೌದಿ

ಮತ್ತೆ ಅದೇ ರಗಳೆ. ಬೆಳಿಗ್ಗೆ ಪ್ರೆಸ್ಸಿನ ಡೈ, ಅಂದರೆ ಅಚ್ಚು, ಸೆಟ್ ಮಾಡಿ ಹಳೇ ಕೇಸ್‌ಗಳಿಂದ ಮತ್ತೆ ತಯಾರಿಸಿದ ಗುಂಡು ಮಧ್ಯಾಹ್ನ ಶೂಟಿಂಗ್ ಕ್ಲಬ್ಬಿನ ಎರಡನೇ ರೈಫಲ್‌ಗೆ ಹೋಗುವುದಿಲ್ಲ. ಬೋಲ್ಟ್ ಮುಚ್ಚುವುದೇ ಇಲ್ಲ. ಕ್ಲಬ್ ಮೆಂಬರ್ ಒಬ್ಬ ಅಂಗೈಯಿಂದ ಬಡಿದು ಮುಚ್ಚಲು ಹೊರಟ. ಒಳಗೇ ಸಿಡಿದೀತೆಂದು ಓಡಿ ಹೋಗಿ ಕೈ ಹಿಡಿದೆ.

ಎರಡು ರೈಫಲ್, ಒಂದೇ ಜಾತಿಯ ಗುಂಡು. ಆದರೆ ಒಂದನೆಯದರ ಚೇಂಬರ್, ಗುಂಡು ಕೂರುವ ಗೂಡು, ಕೂದಲೆಳೆಯಷ್ಟು ಉದ್ದ. ಹಾರಿಸಿದಾಗ ಹಿತ್ತಾಳೆ ಕೇಸ್ ಆ ಗೂಡಿನ ಅಳತೆಗೇ ಉಬ್ಬುತ್ತದೆ. ಅದಕ್ಕೇ ಎರಡರ ಖಾಲಿ ಕೇಸ್‌ಗಳಿಗೆ ಬೇರೆ ಬೇರೆ ಡಬ್ಬ. ಹಾರಿಸಿದ ಕೇಸ್ ಒಂದನ್ನು ಅಳೆದು, ಅದನ್ನು ನೋಡಿಕೊಂಡು ಡೈ ಇಳಿಸಿ, ಲಾಕ್ ರಿಂಗ್ ಬಿಗಿ ಮಾಡುತ್ತೇನೆ. ಉಬ್ಬಿದ ಹಿತ್ತಾಳೆ ಡೈಯೊಳಗೆ ಹೊಕ್ಕು ಅಳತೆಗೆ ಬರಬೇಕು. ಮಂಗಳೂರಿನ ಬೈಕಂಪಾಡಿಯಲ್ಲಿ ವರ್ಷಗಟ್ಟಲೆ ಲೇತ್ ಹಿಡಿದ ಕೈ. ತಪ್ಪುವುದಿಲ್ಲ... ಯಾರೋ ಮುಟ್ಟುತ್ತಿದ್ದಾರೆ.

ಮೇ 8

ನನ್ನ ವರ್ಕ್‌ಶಾಪಿಗೆ ಬರುವವನು ಕೋಯ ಒಬ್ಬನೇ. ರೇಂಜ್ ಗುಡಿಸಿ, ಕೇಸ್ ಹೆಕ್ಕಿ ತಂದು ಡಬ್ಬಗಳಿಗೆ ಹಾಕುವವನು. ಉಳ್ಳಾಲದವನು, ನನ್ನ ರೂಮ್‌ಮೇಟ್ ಬೇರೆ. ಕೇಳಿಯೇ ಬಿಟ್ಟೆ.

"ಪ್ರೆಸ್ಸಿನ ಡೈ ತಿರುಗಿಸಿದ್ಯಾ?"

"ಧೂಳು ಒರೆಸ್ತೇನೆ ಅಷ್ಟೆ. ನನಗೆಂತಕ್ಕೆ ಮಾರಾಯ ಅದು?"

ಹೇಳುವಾಗ ಮುಖ ಆಚೆ ತಿರುಗಿಸಿದ. ಏನೋ ಮುಚ್ಚಿಡುತ್ತಿದ್ದಾನೆ. ಒರೆಸುವ ಕೈ ತಿರುಗಿಸದೆ ಬಿಡುತ್ತದಾ?

ಮೇ 13

ಗೆಸ್ಟ್‌ಗಳ ಎದುರೇ ಬೋಲ್ಟ್ ಸಿಕ್ಕಿಕೊಂಡಿತು. ಕ್ಲಬ್ ಮಾಲೀಕರು, ನಮ್ಮ ವೀಸಾ ಕೈಯಲ್ಲಿಟ್ಟುಕೊಂಡ ಕಫೀಲ್, ಕೆಂಡವಾದರು. ಯಾರ ಕೆಲಸ ಇದು ಎಂದು ಕೂಗಿದರು. ನನಗೂ ತಲೆ ಕೆಟ್ಟಿತ್ತು. ಕೋಯ ಎಂದೆ.

ಮೇ 15

ಕೋಯನನ್ನು ಬಿಸಿಲು ಧೂಳಿನ ಅಲ್ ಅಹ್ಸಾಕ್ಕೆ ಹಾಕಿದರು. ಕಫೀಲ್ ತಮ್ಮನ ಇಟ್ಟಿಗೆ ಫ್ಯಾಕ್ಟರಿ. ಅವನಿಗೆ ದಮ್ಮು. ತಾಯಿಫ್‌ನ ತಂಪು ಹಿಡಿಸಿತ್ತು, ಅದಕ್ಕೇ ಕಡಿಮೆ ಸಂಬಳಕ್ಕೂ ಇಲ್ಲೇ ಇದ್ದ. ಬ್ಯಾಗ್ ತುಂಬಿದ.

"ಇನ್‌ಹೇಲರ್ ತಕ್ಕೊಂಡ್ಯಾ?"

"ಹ್ಞೂಂ."

ಪಾಪ ಅನಿಸಿತು. ಮಾಡಿದ್ದುಣ್ಣೋ ಮಹಾರಾಯ ಎಂದುಕೊಂಡು ಮಲಗಿದೆ.

ಮೇ 27

ಮತ್ತೆ! ಈಗ ವರ್ಕ್‌ಶಾಪ್ ಕೀ ನನ್ನ ಜೇಬಿನಲ್ಲೇ. ಡೈಗೂ ಪ್ರೆಸ್ಸಿಗೂ ಸೇರಿಸಿ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದೆ. ಗೆರೆ ಕೂದಲಷ್ಟೂ ಕದಲಿಲ್ಲ. ಆದರೂ ಬೋಲ್ಟ್ ಮುಚ್ಚುವುದಿಲ್ಲ. ಡೈಯನ್ನು ಬಿಚ್ಚಿ ಮರುಭೂಮಿಗೆ ಎಸೆದು ಬರುವಷ್ಟು ಸಿಟ್ಟು. ಹಾಗಾದರೆ ಕೋಯ...



ಮೇ 29, ಸಂಜೆ

ಕೋಯನ ಫೋನ್. ಮಾತಿನ ನಡುವೆ ಉಸಿರು ಸುಯ್ಯೆನ್ನುತ್ತಿತ್ತು.

"ರೇಂಜ್ ಗೋಡೆ ಹಿಂದೆ, ಎಸಿ ನೀರು ಬೀಳುವಲ್ಲಿ ಒಂದು ಬಕೆಟ್ ಉಂಟು. ಸ್ವಲ್ಪ ನೋಡ್ಕೊ."

ಫೋನ್ ಹಿಡಿದೇ ಹೋದೆ. ಬಕೆಟ್ ಮೇಲೆ ನನ್ನದೇ ಅಕ್ಷರ — 2. ಎರಡನೇ ರೈಫಲ್‌ನ ಕೇಸ್ ಹೆಕ್ಕಲು ಕೊಟ್ಟದ್ದು. ಒಳಗೆ ಮಣ್ಣು, ಬಸಳೆ ಬಳ್ಳಿ.

"ಮತ್ತೆ ಕೇಸ್ ಎಂತದ್ರಲ್ಲಿ ಹೆಕ್ಕಿದ್ದು?"

"ಇನ್ನೊಂದು ಬಕೆಟಲ್ಲಿ, ಎಲ್ಲ ಒಟ್ಟಿಗೆ. ನಿನ್ನ ಡಬ್ಬಕ್ಕೆ ಹಾಕುವಾಗ ಸರೀ ಅರ್ಧ ಅರ್ಧ ಪಾಲು ಮಾಡ್ತಿದ್ದೆ. ನೋಡ್ಲಿಕ್ಕೆ ಎಲ್ಲ ಒಂದೇ ಅಲ್ವಾ?"

ನಾನು ಎರಡನೆಯದೆಂದು ಅಳೆದದ್ದು ಕೆಲವು ಸಲ ಒಂದನೆಯದರ ಉದ್ದ ಕೇಸ್. ಅವನು ಹೋದ ಮೇಲೂ ಡಬ್ಬದಲ್ಲಿ ಅದೇ ಬೆರಕೆ. ತಪ್ಪು ಕೇಸಿಗೆ ಸರಿಯಾಗಿ ಸೆಟ್ ಮಾಡಿದ ಡೈ. ಯಾರೂ ತಿರುಗಿಸಿರಲಿಲ್ಲ.

"ಕತ್ತೆ! ಬಕೆಟ್ ಯಾಕೆ ತೆಗೆದದ್ದು?"

"ಬಸಳೆ ಇಲ್ಲದೆ ನಾಲಗೆ ಸತ್ತುಹೋಯ್ತು ಅಂತ ದಿನಾ ಕೂಗ್ತಿದ್ದದ್ದು ಯಾರು ಸೇಸಪ್ಪ? ಜಿದ್ದಾದಲ್ಲಿರುವ ನಮ್ಮೂರ ಹಸೀನಾ ಹತ್ರ ಕಡ್ಡಿ ತರಿಸಿದೆ. ಕೊಯ್ಯುವಷ್ಟು ಆದ ಮೇಲೆ ಹೇಳುವ ಅಂತ ಇದ್ದೆ."

ಆಮೇಲೆ ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ. ನಾನು ಬಕೆಟನ್ನು ಎಸಿ ನೀರಿನ ಕೆಳಗೆ ಸರಿಯಾಗಿ ಇಟ್ಟೆ.

ಮೇ 30

ಕಫೀಲ್ ಜನರನ್ನು ಕಾಣುವ ಮಜ್ಲಿಸ್ ಕೋಣೆಯ ಹೊರಗೆ ಕೂತಿದ್ದೇನೆ. ಕೋಯನನ್ನು ವಾಪಸ್ ಕರೆಸಿ ಎಂದರೆ, ಇಟ್ಟಿಗೆ ಫ್ಯಾಕ್ಟರಿಗೆ ಇನ್ಯಾರನ್ನು ಕಳಿಸಲಿ ಎಂದು ಕೇಳುತ್ತಾರೆ. ಕೇಳಿಯೇ ಕೇಳುತ್ತಾರೆ. ಉತ್ತರ ಒಂದೇ. ನನ್ನ ಶ್ವಾಸಕೋಶ ಗಟ್ಟಿ. ಆದರೂ ಹೋಗಲು ಮನಸ್ಸಿಲ್ಲ, ನಾಚಿಕೆಗೆಟ್ಟವನು ನಾನು. ಒಳಗಿನಿಂದ ಕರೆದರು. ಹೋಗಿ ಹೇಳುವುದು ಇಷ್ಟೇ — ನನ್ನನ್ನು ಕಳಿಸಿ.